ಒಂದೇ ಪೆನ್ನು, ನೂರು ಕೈ

2020ರ ಮಾರ್ಚ್‌ನಲ್ಲಿ ಕೇರಳದಲ್ಲಿ 'ಬ್ರೇಕ್ ದ ಚೈನ್' ಶುರುವಾದ ಮೇಲೆ ನಮ್ಮ ಅಂಗಡಿಗಳ ಬಾಗಿಲಿಗೆ ಬಕೆಟ್ ನೀರು, ಸೋಪು ಬಂತು. ಒಳ್ಳೆಯದೇ. ಆದರೆ ಕೈ ತೊಳೆದು ಒಳಗೆ ಹೋದರೆ ಹೆಸರು, ಫೋನ್ ನಂಬರ್ ಬರೆಯಲು ಒಂದು ಪುಸ್ತಕ, ದಾರ ಕಟ್ಟಿದ ಒಂದೇ ಪೆನ್ನು ಇರುತ್ತಿತ್ತು. ಮತ್ತೆ ಕೈ ತೊಳೆದು ಏನು ಬಂತು? ಬ್ಯಾಂಕ್ ಕೌಂಟರಿನಲ್ಲಿ ಕೂತ ನಮಗೂ ಇದು ಹೊಳೆಯಲು ತಡವಾಯಿತು. ಆಮೇಲೆ ಗ್ರಾಹಕರು ಹೇಳ್ತಿದ್ದರು, ನಾವೇ ಬರೆದುಕೊಳ್ತಿದ್ದೆವು.

ಇನ್ನೊಂದು ಮಾತು. ಕಾಸರಗೋಡು, ಮಂಜೇಶ್ವರದ ಎಷ್ಟೋ ಅಂಗಡಿಗಳಲ್ಲಿ ಕೊರೊನಾ ಸೂಚನೆ ಮಲಯಾಳದಲ್ಲಿ ಮಾತ್ರ ಇತ್ತು. ಈ ರೋಗದ ಅಪಾಯ ವಯಸ್ಸಾದವರಿಗೇ ಹೆಚ್ಚು. ಕನ್ನಡ ಬಿಟ್ಟು ಬೇರೆ ಓದಲು ಬಾರದವರೂ ನಮ್ಮ ಅಜ್ಜ-ಅಜ್ಜಿಯರೇ. ಅಂಗಡಿಯವರ ಮೇಲೆ ರೇಗಿ ಪ್ರಯೋಜನವಿಲ್ಲ. ಕೇಳಿದರೆ "ಬರೆದು ಕೊಡಿ, ಅಂಟಿಸ್ತೇವೆ" ಅನ್ನುವವರೇ ಜಾಸ್ತಿ.

ಗೆಳೆಯರೇ, ಒಂದು ರಟ್ಟು, ಒಂದು ಸ್ಕೆಚ್ ಪೆನ್ ಸಾಕು. ದೊಡ್ಡ ಅಕ್ಷರದಲ್ಲಿ ಬರೆಯೋಣ:

ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಿರಿ.
ಮಾಸ್ಕ್ ಮೂಗು ಮುಚ್ಚಿರಲಿ.
6 ಅಡಿ ದೂರ ನಿಲ್ಲಿ.
ಎಂಜಲು ಹಚ್ಚಿ ನೋಟು ಎಣಿಸಬೇಡಿ.
ಹೆಸರು ಹೇಳಿ, ನಾವು ಬರೆಯುತ್ತೇವೆ.

ನಾಳೆ ನಮ್ಮೂರಿನ ರೇಷನ್ ಅಂಗಡಿಯಿಂದಲೇ ಶುರು ಮಾಡೋಣ. ಅಜ್ಜಿ ಅಕ್ಕಿಗೆ ಬರುವುದು ಅಲ್ಲಿಗೇ.