ಗೆರೆಯ ಕೆಳಗೆ ಹರಿಯುವ ನೀರು

ತಾಮ್ರದ ರಾಸಾಯನಿಕ ಸಂಕೇತ 'ಸಿಯು'. ಇಂಗ್ಲಿಷಿನ 'ಕಾಪರ್' ಎಂಬ ಪದದಲ್ಲಿ 'ಯು' ಅಕ್ಷರವೇ ಇಲ್ಲವಲ್ಲ, ಈ ಸಂಕೇತ ಎಲ್ಲಿಂದ ಬಂತು ಎಂದು ಎಂಟನೆಯ ತರಗತಿಯ ಚುರುಕು ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ಉತ್ತರ ಲ್ಯಾಟಿನ್ ಭಾಷೆಯಲ್ಲಿದೆ. ರೋಮನ್ನರಿಗೆ ತಾಮ್ರ ಹೇರಳವಾಗಿ ಸಿಗುತ್ತಿದ್ದುದು ಪೂರ್ವ ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪದಿಂದ. 'ಆ ದ್ವೀಪದ ಲೋಹ' ಎಂಬ ಅರ್ಥದಲ್ಲಿ ಅವರು ಇಟ್ಟ ಹೆಸರು ಬಳಕೆಯಲ್ಲಿ ಸವೆದು 'ಕ್ಯುಪ್ರಮ್' ಆಯಿತು. ಆ ದ್ವೀಪವೇ ಸೈಪ್ರಸ್.

ಸೈಪ್ರಸ್‌ನ ವಿಸ್ತೀರ್ಣ 9,251 ಚದರ ಕಿಲೋಮೀಟರ್. ಉದ್ದ ಸುಮಾರು 240 ಕಿಲೋಮೀಟರ್. ಇಷ್ಟು ಪುಟ್ಟ ನೆಲವನ್ನು ಪೂರ್ವದಿಂದ ಪಶ್ಚಿಮಕ್ಕೆ 180 ಕಿಲೋಮೀಟರ್ ಉದ್ದದ ಗೆರೆಯೊಂದು ಸೀಳಿದೆ. ಗೆರೆಯ ದಕ್ಷಿಣದಲ್ಲಿ ಬಹುಪಾಲು ಗ್ರೀಕ್ ಮಾತನಾಡುವ ಆರ್ಥೊಡಾಕ್ಸ್ ಕ್ರೈಸ್ತರು. ಉತ್ತರದಲ್ಲಿ ಬಹುಪಾಲು ತುರ್ಕಿ ಮಾತನಾಡುವ ಸುನ್ನಿ ಮುಸ್ಲಿಮರು. ನಡುವೆ ವಿಶ್ವಸಂಸ್ಥೆಯ ಪಡೆ ಕಾಯುವ, ಬಹುಮಟ್ಟಿಗೆ ನಿರ್ಜನವಾದ ಪಟ್ಟಿ. ರಾಜಧಾನಿ ನಿಕೋಸಿಯಾದ ಹಳೆಯ ಪೇಟೆಯಲ್ಲಿ ಈ ಪಟ್ಟಿಯ ಅಗಲ ಕೆಲವೆಡೆ ಕೆಲವೇ ಮೀಟರ್. ಬಯಲಿನಲ್ಲಿ ಅದೇ ಏಳು ಕಿಲೋಮೀಟರಿಗೂ ಹೆಚ್ಚು.

ಎರಡು ಧರ್ಮ, ಎರಡು ಭಾಷೆ, ಆದ್ದರಿಂದ ಎರಡು ಭಾಗ. ಲೆಕ್ಕ ಸುಲಭವಾಗಿ ಕಾಣುತ್ತದೆ. ಆದರೆ ಉತ್ತರ ಸುಲಭವಾಗಿ ಬಂದಾಗಲೇ ತಾಳೆ ನೋಡಬೇಕು. 1571ರಲ್ಲಿ ಆಟೊಮನ್ ತುರ್ಕರು ವೆನಿಸಿನವರಿಂದ ಈ ದ್ವೀಪವನ್ನು ಗೆದ್ದುಕೊಂಡರು. ಅಂದಿನಿಂದ 1950ರ ದಶಕದವರೆಗೆ, ಮುನ್ನೂರೆಂಬತ್ತು ವರ್ಷಗಳಷ್ಟು ದೀರ್ಘಕಾಲ, ಎರಡೂ ಧರ್ಮದವರು ಅದೇ ದ್ವೀಪದಲ್ಲಿ, ಎಷ್ಟೋ ಕಡೆ ಒಂದೇ ಹಳ್ಳಿಯಲ್ಲಿ ಬಾಳಿದರು. ಜಗಳಗಳು ಇರಲಿಲ್ಲವೆಂದಲ್ಲ. ಆದರೆ ದ್ವೀಪವನ್ನು ಕೊಯ್ದು ಹಂಚಿಕೊಳ್ಳುವ ಮಾತು ಇರಲಿಲ್ಲ. ಧರ್ಮಭೇದವೊಂದೇ ಒಡಕಿಗೆ ಸಾಕಾಗಿದ್ದರೆ ಇಷ್ಟು ಕಾಲ ಏಕೆ ಒಡೆಯಲಿಲ್ಲ?

ಆ ಕಾಲದ ಸೈಪ್ರಸ್‌ನಲ್ಲಿ 'ಲಿನೋಬಂಬಾಕಿ' ಎಂಬ ಒಂದು ಜನವರ್ಗವಿತ್ತು. ಲಿನನ್ ನಾರು ಮತ್ತು ಹತ್ತಿ ಸೇರಿಸಿ ನೇಯ್ದ ಬಟ್ಟೆ ಎಂದು ಆ ಪದದ ಅರ್ಥ. ಹೊರಗೆ ಮುಸ್ಲಿಮರಂತೆ ನಡೆದುಕೊಂಡು, ಮನೆಯೊಳಗೆ ಕ್ರೈಸ್ತ ಆಚರಣೆಗಳನ್ನು ಉಳಿಸಿಕೊಂಡವರು ಇವರು. ಆಟೊಮನ್ ಆಡಳಿತದಲ್ಲಿ ಮುಸ್ಲಿಮೇತರರ ಮೇಲಿದ್ದ ತೆರಿಗೆಯಿಂದ ತಪ್ಪಿಸಿಕೊಳ್ಳುವುದು ಇದಕ್ಕೆ ಒಂದು ಕಾರಣವಾಗಿತ್ತು. ಕಾರಣ ಏನೇ ಇರಲಿ, ಎರಡು ಎಳೆಗಳ ಇಂಥ ಬಟ್ಟೆ ಆ ನೆಲದಲ್ಲಿ ನೇಯಲ್ಪಟ್ಟಿತ್ತು ಎಂಬುದು ನಿಜ. ಇಂದು ಆ ವರ್ಗ ಕಾಣುವುದಿಲ್ಲ. ಜನಗಣತಿಯ ಕಾಗದ ಬಂದಾಗ ಯಾವುದಾದರೂ ಒಂದು ಅಂಕಣದಲ್ಲಿ ಹೆಸರು ಬರೆಸಲೇಬೇಕಾಯಿತು. ಕೆಲವರು ಈ ಕಡೆ ಸೇರಿದರು, ಕೆಲವರು ಆ ಕಡೆ.

ಅಂಕಣಗಳು ಹಳೆಯವು. ಆಟೊಮನ್ ಸುಲ್ತಾನರು ಪ್ರಜೆಗಳನ್ನು ಧರ್ಮದ ಪ್ರಕಾರ ವಿಂಗಡಿಸಿ ಆಳುತ್ತಿದ್ದರು. ಕ್ರೈಸ್ತರ ತೆರಿಗೆಗೆ, ನಡತೆಗೆ ಅವರ ಆರ್ಚ್‌ಬಿಷಪ್ಪರೇ ಹೊಣೆ. ಹೀಗೆ ಧರ್ಮಗುರುವೇ ಜನನಾಯಕನೂ ಆದ. 1878ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಬಂತು. ಅವರು ಈ ವಿಂಗಡಣೆಯನ್ನು ಅಳಿಸುವ ಗೋಜಿಗೆ ಹೋಗಲಿಲ್ಲ. ಶಾಲೆಗಳು ಬೇರೆ ಬೇರೆಯಾಗಿಯೇ ಉಳಿದವು. ಗ್ರೀಕ್ ಶಾಲೆಗೆ ಪಠ್ಯವೂ ಪ್ರೇರಣೆಯೂ ಅಥೆನ್ಸಿನಿಂದ ಬಂದರೆ, ತುರ್ಕಿ ಶಾಲೆಗೆ ತುರ್ಕಿಯಿಂದ. ಒಂದೇ ಹಳ್ಳಿಯ ಇಬ್ಬರು ಹುಡುಗರು ಬೆಳಿಗ್ಗೆ ಒಟ್ಟಿಗೆ ಮನೆ ಬಿಟ್ಟು, ಎರಡು ಬೇರೆ ದೇಶಗಳ ಚರಿತ್ರೆಯನ್ನು ತಮ್ಮದೆಂದು ಕಲಿತು ಸಂಜೆ ಮನೆಗೆ ಬರುತ್ತಿದ್ದರು. ಒಬ್ಬನ ಪುಸ್ತಕದ ವೀರ ಇನ್ನೊಬ್ಬನ ಪುಸ್ತಕದಲ್ಲಿ ಕ್ರೂರಿ.

ಈ ಪಾಠದ ಫಲ 1950ರ ದಶಕದಲ್ಲಿ ಕಂಡಿತು. ಬ್ರಿಟಿಷರನ್ನು ಹೊರದೂಡಬೇಕೆಂದು 1955ರಲ್ಲಿ 'ಇಯೋಕಾ' ಎಂಬ ಸಂಘಟನೆ ಶಸ್ತ್ರ ಹಿಡಿಯಿತು. ಆದರೆ ಅದರ ಗುರಿ ಬರೀ ಸ್ವಾತಂತ್ರ್ಯವಲ್ಲ, 'ಏನೋಸಿಸ್', ಅಂದರೆ ಗ್ರೀಸಿನೊಡನೆ ವಿಲೀನ. ತುರ್ಕಿ ಸಮುದಾಯಕ್ಕೆ ಭಯ ಹುಟ್ಟಿತು. ಅವರಲ್ಲಿ 'ತಕ್ಸಿಮ್', ಅಂದರೆ ವಿಭಜನೆ, ಎಂಬ ಪ್ರತಿಘೋಷಣೆ ಎದ್ದಿತು. ಇಯೋಕಾ ವಿರುದ್ಧ ಬ್ರಿಟಿಷರು ತುರ್ಕಿ ಸೈಪ್ರಿಯಟ್ಟರನ್ನೇ ಸಹಾಯಕ ಪೊಲೀಸರನ್ನಾಗಿ ನೇಮಿಸಿಕೊಂಡದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಗ್ರೀಕ್ ಹುಡುಗನ ಗುಂಡಿಗೆ ಸತ್ತ ಪೊಲೀಸನು ಒಂದು ಕಡೆಗೆ ಸರ್ಕಾರಿ ನೌಕರ, ಇನ್ನೊಂದು ಕಡೆಗೆ 'ನಮ್ಮವನು'.

1960ರಲ್ಲಿ ಸ್ವಾತಂತ್ರ್ಯ ಬಂತು. ಆರ್ಚ್‌ಬಿಷಪ್ ಮಕಾರಿಯೋಸ್ ಮೊದಲ ಅಧ್ಯಕ್ಷರಾದರು. ಆಗ ಜನಸಂಖ್ಯೆಯಲ್ಲಿ ಗ್ರೀಕ್ ಸೈಪ್ರಿಯಟ್ಟರು ಶೇಕಡಾ 77ರಷ್ಟು, ತುರ್ಕಿ ಸೈಪ್ರಿಯಟ್ಟರು 18ರಷ್ಟು. ಸಂವಿಧಾನವನ್ನು ತಕ್ಕಡಿಯಲ್ಲಿ ತೂಗಿ ಬರೆದಂತಿತ್ತು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ತುರ್ಕಿ. ಸಂಸತ್ತಿನಲ್ಲೂ ಸರ್ಕಾರಿ ನೌಕರಿಯಲ್ಲೂ 70ಕ್ಕೆ 30. ಸೈನ್ಯದಲ್ಲಿ 60ಕ್ಕೆ 40. ಮತದಾರರ ಪಟ್ಟಿಯೂ ಬೇರೆ, ಶಿಕ್ಷಣದ ಮಂಡಳಿಯೂ ಬೇರೆ. ದ್ವೀಪದಲ್ಲಿದ್ದ ಅರ್ಮೇನಿಯನ್ನರು, ಮ್ಯಾರೊನೈಟ್ ಕ್ರೈಸ್ತರು ಗ್ರೀಕರೂ ಅಲ್ಲ, ತುರ್ಕರೂ ಅಲ್ಲ. ಅವರೂ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು. 'ನಾನು ಸೈಪ್ರಸ್‌ನವನು' ಎಂದಷ್ಟೇ ಹೇಳಿ ಓಟು ಹಾಕಲು ದಾರಿ ಇರಲಿಲ್ಲ. ಚಿಕ್ಕ ಸಮುದಾಯಕ್ಕೆ ರಕ್ಷಣೆ ಬೇಕಿತ್ತು ಎಂಬುದು ನಿಜ. ಆದರೆ ಆ ರಕ್ಷಣೆಯನ್ನು ಕಟ್ಟಿದ ರೀತಿಯಲ್ಲಿ ಪ್ರತಿಯೊಂದು ಪ್ರಶ್ನೆಯೂ, ತೆರಿಗೆಯ ಪ್ರಶ್ನೆ ಕೂಡ, ಗ್ರೀಕರು ಮತ್ತು ತುರ್ಕರ ನಡುವಿನ ಪ್ರಶ್ನೆಯಾಯಿತು.

ಮೂರೇ ವರ್ಷಗಳಲ್ಲಿ ತಕ್ಕಡಿ ಮುರಿಯಿತು. 1963ರ ನವೆಂಬರಿನಲ್ಲಿ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಸೂಚಿಸಿದರು. ಡಿಸೆಂಬರಿನಲ್ಲಿ ರಾಜಧಾನಿಯಲ್ಲಿ ರಕ್ತ ಹರಿಯಿತು. ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ನಗರದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದು, ಎರಡು ಪಕ್ಷಗಳನ್ನೂ ಆಚೀಚೆ ನಿಲ್ಲಿಸಿದರು. 'ಹಸಿರು ಗೆರೆ' ಎಂಬ ಹೆಸರು ಹಾಗೆ ಬಂತು. ಸುಮಾರು 25,000 ತುರ್ಕಿ ಸೈಪ್ರಿಯಟ್ಟರು ಮನೆ ಬಿಟ್ಟು ಸಣ್ಣ ಸಣ್ಣ ಕಾವಲು ಪ್ರದೇಶಗಳಲ್ಲಿ ಗುಂಪುಗೂಡಿದರು.

1964ರ ಮಾರ್ಚಿನಲ್ಲಿ ಭದ್ರತಾ ಮಂಡಳಿ ಶಾಂತಿಪಾಲನಾ ಪಡೆಯನ್ನು ಕಳಿಸಲು ನಿರ್ಧರಿಸಿತು. ಇಲ್ಲಿ ಕನ್ನಡನಾಡಿನವರಿಗೆ ಪರಿಚಿತವಾದ ಒಂದು ಹೆಸರು ಬರುತ್ತದೆ. ಮಡಿಕೇರಿಯಲ್ಲಿ ಹುಟ್ಟಿ, ಭಾರತದ ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯ ಅದೇ ವರ್ಷ ಜುಲೈನಲ್ಲಿ ಆ ಪಡೆಯ ನಾಯಕತ್ವ ವಹಿಸಿಕೊಂಡರು. ಕೊರಿಯಾ ಯುದ್ಧದ ಕೈದಿಗಳ ವಿಷಯದಲ್ಲಿ ನಿಷ್ಪಕ್ಷಪಾತಿ ಎಂದು ಹೆಸರಾಗಿದ್ದವರು ಅವರು. 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಆದರೆ ನಡುವೆ ನಿಂತವರು ಜಗಳವನ್ನು ತಡೆಯಬಲ್ಲರು, ಬಗೆಹರಿಸಲಾರರು. 1974ರ ಜುಲೈ 15ರಂದು ಅಥೆನ್ಸಿನ ಸೇನಾ ಆಡಳಿತದ ಕುಮ್ಮಕ್ಕಿನಿಂದ ಮಕಾರಿಯೋಸರನ್ನು ಪದಚ್ಯುತಗೊಳಿಸುವ ದಂಗೆ ನಡೆಯಿತು. ವಿಲೀನದ ಉದ್ದೇಶ ಸ್ಪಷ್ಟವಿತ್ತು. ಐದೇ ದಿನಗಳಲ್ಲಿ ತುರ್ಕಿಯ ಸೈನ್ಯ ಉತ್ತರ ತೀರದಲ್ಲಿ ಇಳಿಯಿತು. ಆಗಸ್ಟಿನ ಎರಡನೆಯ ದಾಳಿಯ ನಂತರ ದ್ವೀಪದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅದರ ವಶದಲ್ಲಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟ್ಟರು ದಕ್ಷಿಣಕ್ಕೆ ಓಡಿದರು. ನಲವತ್ತು ಸಾವಿರಕ್ಕೂ ಹೆಚ್ಚು ತುರ್ಕಿ ಸೈಪ್ರಿಯಟ್ಟರು ಉತ್ತರಕ್ಕೆ ಹೋದರು. ಒಲೆಯ ಮೇಲೆ ಅನ್ನ, ಬಾಗಿಲಿಗೆ ಬೀಗ, ಕೈಯಲ್ಲಿ ಬೀಗದ ಕೈ. ನಾಲ್ಕು ದಿನ ಬಿಟ್ಟು ಬರೋಣವೆಂದು ಹೊರಟವರು ಹಲವರು.

1983ರಲ್ಲಿ ಉತ್ತರ ಭಾಗ ತಾನೇ ಒಂದು ಗಣರಾಜ್ಯವೆಂದು ಘೋಷಿಸಿಕೊಂಡಿತು. ತುರ್ಕಿಯ ಹೊರತು ಬೇರಾವ ದೇಶವೂ ಅದನ್ನು ಮಾನ್ಯ ಮಾಡಿಲ್ಲ. 2004ರ ಏಪ್ರಿಲಿನಲ್ಲಿ, ದ್ವೀಪವನ್ನು ಮತ್ತೆ ಒಂದುಗೂಡಿಸುವ ವಿಶ್ವಸಂಸ್ಥೆಯ ಯೋಜನೆಯನ್ನು ಎರಡೂ ಕಡೆ ಜನಮತಕ್ಕೆ ಹಾಕಲಾಯಿತು. ಉತ್ತರದಲ್ಲಿ ಶೇಕಡಾ 65ರಷ್ಟು ಮಂದಿ ಒಪ್ಪಿದರು. ದಕ್ಷಿಣದಲ್ಲಿ 76ರಷ್ಟು ಮಂದಿ ತಿರಸ್ಕರಿಸಿದರು. ಬಿಟ್ಟುಬಂದ ಮನೆಗಳೆಲ್ಲ ಮರಳಿ ಸಿಗುವುದಿಲ್ಲ, ತುರ್ಕಿಯ ಸೈನ್ಯ ಪೂರ್ತಿ ಹೋಗುವುದಿಲ್ಲ ಎಂಬ ಅಳುಕು ಅವರದು. 2017ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಮಾತುಕತೆಯೂ ಮುರಿದುಬಿತ್ತು.

ಹಾಗಾದರೆ ಎಲ್ಲ ದಾರಿಯೂ ಮುಚ್ಚಿತೆ? ಇಲ್ಲ. ಒಂದು ದಾರಿ ನೆಲದಡಿಯಲ್ಲಿ ತೆರೆದೇ ಇತ್ತು.

ಟ್ರೂಡೋಸ್ ಬೆಟ್ಟಗಳಲ್ಲಿ ಹುಟ್ಟುವ ಪೀಡಿಯೋಸ್ ನದಿ ನಿಕೋಸಿಯಾವನ್ನು ಹಾದು ಪೂರ್ವದ ಬಯಲಿಗೆ ಇಳಿಯುತ್ತದೆ. ನಗರದ ಕೊಳಚೆ ನೀರೂ ಇಳಿಜಾರಿನ ಆ ದಿಕ್ಕಿಗೇ ಹರಿಯಬೇಕು. ಗುರುತ್ವಾಕರ್ಷಣೆಗೆ ಗ್ರೀಕರೂ ಗೊತ್ತಿಲ್ಲ, ತುರ್ಕರೂ ಗೊತ್ತಿಲ್ಲ. 1974ಕ್ಕೆ ಮುಂಚೆಯೇ ಅಲ್ಲಿ ಒಳಚರಂಡಿ ಯೋಜನೆ ಆರಂಭವಾಗಿತ್ತು. ಯುದ್ಧದ ನಂತರ ನೋಡಿದರೆ ಕೊಳವೆಜಾಲದ ದೊಡ್ಡ ಭಾಗ ದಕ್ಷಿಣದಲ್ಲಿ, ಶುದ್ಧೀಕರಣಕ್ಕೆ ಗೊತ್ತುಮಾಡಿದ್ದ ಜಾಗ ಉತ್ತರದಲ್ಲಿ. ಒಂದಿಲ್ಲದೆ ಇನ್ನೊಂದು ನಿರುಪಯುಕ್ತ. ದಕ್ಷಿಣ ಭಾಗದ ಮೇಯರ್ ಲೆಲ್ಲೋಸ್ ಡಿಮಿಟ್ರಿಯಾಡಿಸ್, ಉತ್ತರ ಭಾಗದ ಮೇಯರ್ ಮುಸ್ತಫಾ ಅಕಿಂಜಿ ಇಬ್ಬರೂ ಕೂತು ಮಾತನಾಡಿದರು. ಯಾರು ಯಾರನ್ನು ಮಾನ್ಯ ಮಾಡಬೇಕೆಂಬ ಪ್ರಶ್ನೆಯನ್ನು ಬದಿಗಿಟ್ಟರು. 1980ರ ಹೊತ್ತಿಗೆ ಒಡೆದ ನಗರದ ಕೊಳಚೆ ನೀರು ಗೆರೆಯ ಕೆಳಗೆ ಒಂದಾಗಿ ಹರಿಯತೊಡಗಿತು. ಮೇಲೆ ಮರಳಿನ ಚೀಲ, ಮುಳ್ಳುತಂತಿ, ಬಂದೂಕು. ಕೆಳಗೆ ಒಂದೇ ಕೊಳವೆ. ಆ ಪರಿಚಯದ ಮೇಲೆಯೇ ಇಡೀ ನಗರದ ಭವಿಷ್ಯದ ನಕ್ಷೆಯನ್ನು ಎರಡೂ ಕಡೆಯ ಇಂಜಿನಿಯರುಗಳು ಸೇರಿ ರಚಿಸಿದರು. ಹಳೆಯ ಕೋಟೆಯೊಳಗಿನ ಮನೆಗಳ ದುರಸ್ತಿಗಾಗಿ ಅವರ ಕೆಲಸಕ್ಕೆ 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅಕಿಂಜಿ 2015ರಿಂದ 2020ರವರೆಗೆ ತುರ್ಕಿ ಸೈಪ್ರಿಯಟ್ಟರ ನಾಯಕರೇ ಆಗಿದ್ದರು.

ಎರಡನೆಯ ಉದಾಹರಣೆ ಇನ್ನೂ ಕಠಿಣವಾದದ್ದು. 1963-64 ಮತ್ತು 1974ರ ಗಲಭೆಗಳಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರುಗಳಿವೆ: 1,510 ಗ್ರೀಕ್ ಸೈಪ್ರಿಯಟ್ಟರು, 492 ತುರ್ಕಿ ಸೈಪ್ರಿಯಟ್ಟರು. ಇವರನ್ನು ಹುಡುಕಲು 1981ರಲ್ಲಿ ಜಂಟಿ ಸಮಿತಿ ರಚನೆಯಾಯಿತಾದರೂ, ನೆಲ ಅಗೆಯುವ ಕೆಲಸ ಭರದಿಂದ ಸಾಗಿದ್ದು 2006ರಿಂದ. ಎರಡೂ ಸಮುದಾಯಗಳ ವಿಜ್ಞಾನಿಗಳು, ಬಹುಮಂದಿ ಎಳೆಯರು, ಜೊತೆಯಾಗಿ ಅಗೆಯುತ್ತಾರೆ. ನಡುಪಟ್ಟಿಯ ಹಳೆಯ ವಿಮಾನ ನಿಲ್ದಾಣದ ಬಳಿಯ ಪ್ರಯೋಗಾಲಯದಲ್ಲಿ ಮೂಳೆಗಳನ್ನು ಜೋಡಿಸುತ್ತಾರೆ. ಬಂಧುಗಳ ರಕ್ತದ ಮಾದರಿಯೊಡನೆ ಡಿಎನ್‌ಎ ಹೋಲಿಸಿ ನೋಡುತ್ತಾರೆ. ಡಿಎನ್‌ಎ ಪರೀಕ್ಷೆ ಆ ಮೂಳೆ ಕ್ರೈಸ್ತನದೋ ಮುಸ್ಲಿಮನದೋ ಎಂದು ಹೇಳುವುದಿಲ್ಲ. ಯಾವ ತಾಯಿಯ ಮಗ ಎಂಬುದನ್ನು ಹೇಳುತ್ತದೆ. ಹೀಗೆ ಸಾವಿರಕ್ಕೂ ಹೆಚ್ಚು ಮಂದಿಯ ಅವಶೇಷಗಳು ಅವರವರ ಮನೆ ಸೇರಿವೆ. ಕೊಂದವರು ಯಾರೆಂದು ಆ ಸಮಿತಿ ವಿಚಾರಿಸುವುದಿಲ್ಲ. ಅದು ಸಾಲದೆಂದು ನೊಂದವರಿಗೆ ಅನ್ನಿಸಿದರೆ ಅದು ಸಹಜ. ಆದರೆ ದಶಕಗಟ್ಟಲೆ ಬಾಗಿಲು ನೋಡುತ್ತ ಕೂತ ಮನೆಯವರಿಗೆ ಕೊನೆಗೊಂದು ಸಮಾಧಿಯಾದರೂ ದೊರೆಯಿತು.

2003ರ ಏಪ್ರಿಲ್ 23ರಂದು ಗೆರೆಯನ್ನು ದಾಟಲು ಮೊದಲ ಬಾರಿಗೆ ಅವಕಾಶವಾಯಿತು. ಸಾವಿರಾರು ಜನ ಸಾಲುಗಟ್ಟಿ ನಿಂತು ತಮ್ಮ ಹಳೆಯ ಮನೆಗಳನ್ನು ನೋಡಿ ಬಂದರು. ಬಾಗಿಲು ತೆರೆದವರು ಬೇರೆಯವರು. ಕೆಲವು ಮನೆಗಳಲ್ಲಿ ಕಾಫಿ ಕೊಟ್ಟು, ಎತ್ತಿಟ್ಟಿದ್ದ ಹಳೆಯ ಫೋಟೋಗಳನ್ನು ಕೈಗಿಟ್ಟರು. ಹಾಗೆ ಬಂದವರು ಅತ್ತದ್ದೂ ಉಂಟು, ಸಿಟ್ಟಾಗಿ ಮರಳಿದ್ದೂ ಉಂಟು.

ಈಗ ಆ ದ್ವೀಪದ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಯರಲ್ಲೇ ಬಹುಮಂದಿ 1974ರ ನಂತರ ಹುಟ್ಟಿದವರು. ಒಂದಾಗಿದ್ದ ಸೈಪ್ರಸನ್ನು ಅವರು ಕಂಡಿಲ್ಲ. ಎದುರು ಕಡೆಯವರ ಬಗ್ಗೆ ಅವರಿಗೆ ಗೊತ್ತಿರುವುದು ಪುಸ್ತಕ ಹೇಳಿದ್ದು, ಮನೆಯ ಹಿರಿಯರು ಹೇಳಿದ್ದು. ಉತ್ತರದಲ್ಲಿ 2004ರಲ್ಲಿ ಚರಿತ್ರೆಯ ಪಠ್ಯಗಳನ್ನು ತಿದ್ದಿ, ಎರಡೂ ಕಡೆಯವರ ನೋವನ್ನು ಸೇರಿಸಿ ಬರೆದರು. ಕೆಲವೇ ವರ್ಷಗಳಲ್ಲಿ ಸರ್ಕಾರ ಬದಲಾಯಿತು, ಪಠ್ಯವೂ ಬದಲಾಯಿತು. ದ್ವೀಪದ ನಿಜವಾದ ಗೆರೆ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮುಳ್ಳುತಂತಿಯನ್ನು ಒಂದು ದಿನದಲ್ಲಿ ಕತ್ತರಿಸಬಹುದು. ಏಳನೆಯ ವಯಸ್ಸಿನಲ್ಲಿ ಕಿವಿಗೆ ಬಿದ್ದ 'ಅವರು' ಎಂಬ ಮಾತು ಎಪ್ಪತ್ತರವರೆಗೂ ಉಳಿಯುತ್ತದೆ. ಮಕ್ಕಳ ಮುಂದೆ ಆಡುವ ಮಾತನ್ನು ಹಿರಿಯರು ತೂಗಿ ಆಡಬೇಕಾದದ್ದು ಅದಕ್ಕಾಗಿಯೇ.

ವಿದ್ಯಾರ್ಥಿಗಳು ಈ ವಾರ ಅಟ್ಲಾಸ್ ತೆರೆದು ಸೈಪ್ರಸನ್ನು ಹುಡುಕಲಿ. ಟ್ರೂಡೋಸ್ ಬೆಟ್ಟಗಳಿಂದ ಹೊರಟು ಪೀಡಿಯೋಸ್ ನದಿಯ ಜಾಡನ್ನು ಬೆರಳಿನಿಂದ ಗುರುತಿಸುತ್ತ ಸಮುದ್ರದವರೆಗೆ ಹೋಗಲಿ. ದಾರಿಯಲ್ಲಿ ಬೆರಳು ಆ ಗೆರೆಯನ್ನು ಎಲ್ಲಿ ದಾಟಿತೆಂದು ನೋಡಿ ಒಂದು ಚುಕ್ಕೆ ಇಡಲಿ. ನದಿ ಎಷ್ಟು ಹಳೆಯದು, ಗೆರೆ ಎಷ್ಟು ಹೊಸದು ಎಂಬ ಲೆಕ್ಕವನ್ನು ಅವರೇ ಮಾಡಿಕೊಳ್ಳಲಿ.