ಉಡುಪಿಯ ಮರುಭೂಮಿ ಗಾಜಿನೊಳಗಿಲ್ಲ

ಅಮೆರಿಕದ ಒಮಾಹಾ ಮೃಗಾಲಯದಲ್ಲಿ 2002ರಿಂದ ಗಾಜಿನ ಗುಮ್ಮಟದಡಿ ಒಂದು ಮರುಭೂಮಿ ಇದೆ. ನಮೀಬಿಯಾದ ಮರಳು, ಆಸ್ಟ್ರೇಲಿಯಾದ ಕೆಂಬಂಡೆ, ಸೊನೋರಾದ ಕಳ್ಳಿ ಎಲ್ಲವೂ ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ಸಿಂಗಪುರದಲ್ಲಿ 2012ರಲ್ಲಿ ತೆರೆದ ಗಾಜಿನ ಮನೆಯೊಳಗೆ ಆಫ್ರಿಕಾದ ಬಾವೊಬಾಬ್ ಮರಗಳಿವೆ. ಗುಟುಕು ನೀರಿನಲ್ಲಿ ಗಿಡವೊಂದು ಹೇಗೆ ಬದುಕುತ್ತದೆ ಎಂಬುದನ್ನು ಮಕ್ಕಳು ಅಲ್ಲಿ ಕಣ್ಣಾರೆ ಕಾಣುತ್ತಾರೆ. ಮಣಿಪಾಲದಂಥ ವಿದ್ಯಾನಗರಿಯಲ್ಲೂ ಅಂಥದ್ದೊಂದು ಮನೆ ಎದ್ದರೆ ಬೇಡವೆನ್ನಬೇಕಿಲ್ಲ. ಆದರೆ ಉಡುಪಿ ಜಿಲ್ಲೆಯ ಮಕ್ಕಳು ಈ ಪಾಠಕ್ಕಾಗಿ ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ.

ವರ್ಷಕ್ಕೆ 4,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಮರುಭೂಮಿ ಎಲ್ಲಿಂದ ಬರಬೇಕು? ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಮುಗಿದುಹೋಗುತ್ತದೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡಾಗ ಉಡುಪಿ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ನಗರಕ್ಕೆ ಅದು ಸಂಕಟದ ಬೇಸಗೆ. ಮುರಕಲ್ಲಿನ ಪದವುಗಳ, ಅಂದರೆ ಚಪ್ಪಟೆ ಗುಡ್ಡಗಳ, ಮೇಲೆ ಬೆಳೆಯುವ ಗಿಡಗಳಿಗೆ ಅದು ಪ್ರತಿವರ್ಷದ ಮಾತು.

ಮಣಿಪಾಲ ನಿಂತಿರುವುದೇ ಅಂಥ ಮುರಕಲ್ಲಿನ ಗುಡ್ಡದ ಮೇಲೆ. ಈ ಕಲ್ಲಿನ ತುಂಬ ತೂತು. ಬಿದ್ದ ನೀರು ಇಳಿದು ತಗ್ಗಿನ ಬಾವಿಗಳನ್ನು ಸೇರುತ್ತದೆ. ಮೇಲ್ಮೈಯಲ್ಲಿ ಉಳಿಯುವುದು ಕುಳಿಗಳಲ್ಲಿನ ಬೆರಳುದ್ದದ ಮಣ್ಣು. ಆಗಸ್ಟ್‌ನಲ್ಲಿ ಅಷ್ಟು ಮಣ್ಣಿನಲ್ಲೇ ಕೀಟ ಹಿಡಿದು ತಿನ್ನುವ ಡ್ರೊಸೆರಾ ಮತ್ತು ಯುಟ್ರಿಕ್ಯುಲೇರಿಯಾ ಹೂಬಿಡುತ್ತವೆ, ಎರಿಯೊಕಾಲಾನ್‌ನ ಬಿಳಿ ಗುಂಡಿಯಂಥ ಹೂಗಳು ತಲೆಯೆತ್ತುತ್ತವೆ. ಕೇರಳದ ಕಣ್ಣೂರಿನ ಮಾಡಾಯಿಪ್ಪಾರ ಎಂಬ ಮುರಕಲ್ಲಿನ ಗುಡ್ಡದಲ್ಲಿ ಸಿಕ್ಕ ಎರಿಯೊಕಾಲಾನ್ ಒಂದಕ್ಕೆ ವಿಜ್ಞಾನಿಗಳು ಆ ಗುಡ್ಡದ ಹೆಸರನ್ನೇ ಇಟ್ಟಿದ್ದಾರೆ. ಮಾರ್ಚ್ ಹೊತ್ತಿಗೆ ಇವೆಲ್ಲ ಮಾಯ. ಬರವನ್ನು ಎದುರಿಸುವ ಬದಲು ಬೀಜವಾಗಿ ಮಲಗಿ ದಾಟುವುದು ಇವುಗಳ ದಾರಿ.

ಕಾರ್ಕಳದ ಗೊಮ್ಮಟ 1432ರಿಂದ ನಿಂತಿರುವುದು ಕರಿಬಂಡೆಯ ಬೆಟ್ಟದ ಮೇಲೆ. ಪಶ್ಚಿಮ ಘಟ್ಟದ ಇಂಥ ಬಂಡೆಗಳಲ್ಲಿ ಬೆಳೆಯುವ ಟ್ರೈಪೋಗಾನ್ ಎಂಬ ಸಣ್ಣ ಹುಲ್ಲಿನ ರೀತಿ ಬೇರೆ. ಬೇಸಗೆಯಲ್ಲಿ ಅದು ಸತ್ತಂತೆ ಒಣಗಿ ಸುರುಟಿಕೊಳ್ಳುತ್ತದೆ. ಮಳೆ ಬಿದ್ದರೆ ಅದೇ ಒಣ ಎಲೆಗೆ ಮತ್ತೆ ಹಸಿರು ಬರುತ್ತದೆ. ಕಾಪುವಿನ ಕಡಲತೀರದಲ್ಲಿ, 1901ರ ದೀಪಸ್ತಂಭದ ಆಸುಪಾಸಿನಂಥ ಮರಳಿನಲ್ಲಿ, ಇನ್ನೊಂದು ಬಗೆಯ ಬರವಿದೆ. ಎದುರಿಗೆ ಸಮುದ್ರವೇ ಇದ್ದರೂ ಉಪ್ಪುನೀರು ಗಿಡದ ದಾಹ ತೀರಿಸುವುದಿಲ್ಲ. ಕರಾವಳಿಯ ಮರಳುದಿಬ್ಬಗಳಲ್ಲಿ ಬೆಳೆಯುವ ರಾವಣನ ಮೀಸೆ ಹುಲ್ಲು ಎಲೆಯನ್ನು ಮುಳ್ಳಿನಷ್ಟು ಕಿರಿದಾಗಿಸಿಕೊಂಡಿದೆ.

ಇಷ್ಟಾದರೂ ನೀರುಳಿತಾಯದ ಅತ್ಯುತ್ತಮ ಪಾಠ ಸಿಗುವುದು ಮನೆಯ ಹಿತ್ತಿಲಲ್ಲಿ. ಟಿಪ್ಪುವಿನ ಪತನದ ಬಳಿಕ ಬೆಂಗಳೂರಿನ ಲಾಲ್‌ಬಾಗ್‌ನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ 1813ರಲ್ಲಿ ಲಂಡನ್ನಿಗೆ ಒಂದು ಪತ್ರ ಬರೆದ. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂಬುದು ಅವನು ನಾಲಗೆಯಿಂದಲೇ ಕಂಡುಕೊಂಡ ಸಂಗತಿ. ಕಾರಣ ತಿಳಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಬಿಸಿಲಲ್ಲಿ ಪತ್ರರಂಧ್ರ ತೆರೆದರೆ ನೀರು ಆವಿಯಾಗುತ್ತದೆಂದು ಈ ಗಿಡ ರಾತ್ರಿ ಮಾತ್ರ ಅದನ್ನು ತೆರೆದು, ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಡುತ್ತದೆ. ಹಗಲಲ್ಲಿ ಬಾಗಿಲು ಮುಚ್ಚಿಕೊಂಡೇ ಆ ದಾಸ್ತಾನಿನಿಂದ ಆಹಾರ ತಯಾರಿಸುತ್ತದೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಹಿಡಿಯಲು ಭತ್ತದಂಥ ಸಾಮಾನ್ಯ ಗಿಡಗಳಿಗೆ 400ರಿಂದ 500 ಗ್ರಾಂ ನೀರು ಬೇಕಾದರೆ, ಈ ಬಗೆಯ ಗಿಡಗಳಿಗೆ 50ರಿಂದ 100 ಗ್ರಾಂ ಸಾಕು. ಅನಾನಸು, ಪಾಪಸುಕಳ್ಳಿ, ಭೂತಾಳೆ, ಲೋಳೆಸರ ಎಲ್ಲವೂ ಇದೇ ಬಳಗ. ಶಾಲೆಯಲ್ಲಿ ರುಚಿ ನೋಡಿಸುವುದು ಬೇಡ, ಕಾಡುಬಸಳೆಯಲ್ಲಿ ವಿಷದ ಅಂಶಗಳಿವೆ. ನಸುಕಿನಲ್ಲಿ ಕಿತ್ತ ಎಲೆಯ ರಸಕ್ಕೂ ಸಂಜೆಯ ಎಲೆಯ ರಸಕ್ಕೂ ಆಮ್ಲ ಅಳೆಯುವ ಬಣ್ಣದ ಕಾಗದ ಅದ್ದಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಬೇಸರದ ಸಂಗತಿಯೆಂದರೆ, ಪದವೆಂಬ ಪಾಠಶಾಲೆಗೆ ಕಂದಾಯ ದಾಖಲೆಯಲ್ಲಿರುವ ಹೆಸರು ‘ಖರಾಬು’. ಏನೂ ಬೆಳೆಯದ ಜಾಗವೆಂದು ತೀರ್ಮಾನಿಸಿ ಒಂದು ಕಡೆ ಕಲ್ಲು ಕಡಿಯುತ್ತಾರೆ, ಇನ್ನೊಂದು ಕಡೆ ಕಸ ಸುರಿಯುತ್ತಾರೆ. ಕರಾವಳಿಯ ಪದವುಗಳಲ್ಲಿ ಹಸಿರೀಕರಣದ ಹೆಸರಿನಲ್ಲಿ ನೆಟ್ಟ ಅಕೇಶಿಯಾ ಮರದ ನೆರಳೂ ತರಗೆಲೆಯೂ ಬಿಸಿಲು ಬೇಡುವ ಪುಟ್ಟ ಗಿಡಗಳಿಗೆ ಜಾಗವನ್ನೇ ಬಿಡುವುದಿಲ್ಲ. ಮರವಿಲ್ಲದ ನೆಲವೆಲ್ಲ ಬಂಜರು ಎಂಬ ಈ ನಂಬಿಕೆಯನ್ನು ಮೊದಲು ಬಿಡಬೇಕು. ಪದವು ಹಾಳಾದ ಕಾಡಲ್ಲ, ಅದು ತನ್ನದೇ ಆದ ಜೀವಲೋಕ.

ತಿಳಿದವರಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪಾಠ ಮಾಡಿದ ಕೆ. ಗೋಪಾಲಕೃಷ್ಣ ಭಟ್ಟರು ‘ಫ್ಲೋರಾ ಆಫ್ ಉಡುಪಿ’ಯನ್ನು 2003ರಲ್ಲೇ ಹೊರತಂದು ಇಲ್ಲಿನ ಸಸ್ಯಗಳಿಗೆ ಲೆಕ್ಕವಿಟ್ಟಿದ್ದಾರೆ. ಆ ಲೆಕ್ಕ ಹಿಡಿದು ನೆಲದ ಮೇಲೆ ನಡೆಸುವ ಕೆಲಸ ಶಾಲೆಗಳದ್ದು. ಒಂದೇ ಪದವಿಗೆ ಆಗಸ್ಟ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಮಕ್ಕಳನ್ನು ಕರೆದೊಯ್ಯಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲೆಯನ್ನೂ ಇಡಬೇಕು. ಎರಡೂ ಸಲ ಮಕ್ಕಳು ಬರೆದು ತಂದ ಗಿಡಗಳ ಪಟ್ಟಿಗಳನ್ನು ಹಿರಿಯರಿಂದ ಪರಿಶೀಲನೆ ಮಾಡಿಸಿ ಆ ದಾಖಲೆಗೆ ಸೇರಿಸಲಿ. ಕಲ್ಲುಕೋರೆಗೆ ಪರವಾನಗಿ ಕೇಳುವ ಅರ್ಜಿ ಬಂದಾಗ ಸಮಿತಿಯವರು ಮೊದಲು ತೆರೆದು ನೋಡುವ ಪುಟ ಅದೇ ಆಗಿರಲಿ.