ಬಿದ್ದ ವಿಮಾನ ಕಸವಲ್ಲ

ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ಕಸದ ಕೋಣೆಯಲ್ಲಿ ಕಳೆದ ತಿಂಗಳು ಒಂದು ರಿಮೋಟ್ ಕಂಟ್ರೋಲ್ ವಿಮಾನ ಬಿದ್ದಿತ್ತು. ಮೂಗು ಮುರಿದಿತ್ತು, ಒಂದು ರೆಕ್ಕೆ ಸೀಳಿಹೋಗಿತ್ತು. ಮೋಟಾರು, ನಾಲ್ಕರಲ್ಲಿ ಮೂರು ಸರ್ವೋಗಳು ಚೆನ್ನಾಗಿಯೇ ಇದ್ದವು. ವಿಚಾರಿಸಿದರೆ ಮೂರನೇ ಮಹಡಿಯ ಹುಡುಗನದ್ದು. ‘ಇರ್ಲಿ ಬಿಡ್ರಿ, ಹೊಸಾದು ಆರ್ಡರ್ ಮಾಡೇವಿ’ ಎಂದರು ಧಾರವಾಡದವರಾದ ಅವನ ಅಪ್ಪ. ವಿಮಾನದ ಜತೆ ಹುಡುಗನಿಗೆ ದಕ್ಕಬೇಕಿದ್ದ ಪಾಠವೂ ಕಸಕ್ಕೆ ಹೋಯಿತು ಅನ್ನಿಸಿತು.

ಏರೋಮಾಡೆಲಿಂಗ್‌ನಲ್ಲಿ ವಿಮಾನ ಬೀಳುವುದು ಇದ್ದದ್ದೇ. ದುರಸ್ತಿಯ ಮೊದಲ ಕೆಲಸ ಅಂಟು ಹಚ್ಚುವುದಲ್ಲ, ಬಿದ್ದದ್ದೇಕೆ ಎಂದು ಹುಡುಕುವುದು. ಬ್ಯಾಟರಿಯ ಕನೆಕ್ಟರ್ ಸಡಿಲವಾಗಿತ್ತೇ? ಸರ್ವೋದ ಗೇರ್ ಹಲ್ಲು ಸವೆದಿತ್ತೇ? ತೀರಾ ಕಡಿದಾಗಿ ಏರಿಸಿ, ವೇಗ ತಗ್ಗಿ ಸ್ಟಾಲ್ ಆಯಿತೇ? ಕಾರಣ ತಿಳಿಯದೆ ಮತ್ತೆ ಹಾರಿಸಿದರೆ ಮತ್ತೆ ಅದೇ ಗತಿ.

ಆಮೇಲೆ ತೂಕದ ಲೆಕ್ಕ. ಗುರುತ್ವ ಕೇಂದ್ರ ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಶೇ 25ರಿಂದ 33ರಷ್ಟು ಹಿಂದೆ ಇರಬೇಕು. ಗಟ್ಟಿಯಾಗಲೆಂದು ಬಾಲಕ್ಕೆ ಎಪಾಕ್ಸಿ ಸುರಿದರೆ ಅದು ಹಿಂದಕ್ಕೆ ಜಾರುತ್ತದೆ. ಆ ಕೇಂದ್ರದಿಂದ ಬಾಲವು ಮೂಗಿಗಿಂತ ಮೂರು ಪಟ್ಟು ದೂರವಿದ್ದರೆ, ಬಾಲಕ್ಕೆ ಸೇರಿದ 10 ಗ್ರಾಂ ಸರಿದೂಗಿಸಲು ಮೂಗಿಗೆ 30 ಗ್ರಾಂ ಭಾರ ಕಟ್ಟಬೇಕು. 800 ಗ್ರಾಂ ವಿಮಾನಕ್ಕೆ 40 ಗ್ರಾಂ ಹೆಚ್ಚಿನ ಹೊರೆ! ಶಾಲೆಯಲ್ಲಿ ಬಾಯಿಪಾಠ ಮಾಡಿದ ಸನ್ನೆಗೋಲಿನ ನಿಯಮ ಇಲ್ಲಿ ಕೈಗೇ ಸಿಗುತ್ತದೆ.

ಎಲ್ಲವನ್ನೂ ಉಳಿಸಬೇಕೆಂದಲ್ಲ. ಊದಿಕೊಂಡ ಲಿಥಿಯಂ ಪಾಲಿಮರ್ ಬ್ಯಾಟರಿ ಹೊತ್ತಿಕೊಳ್ಳಬಹುದು. ಅದನ್ನು ಇ-ತ್ಯಾಜ್ಯಕ್ಕೇ ಕೊಡಬೇಕು. ಬಿರುಕು ಬಿಟ್ಟ ಪ್ರೊಪೆಲ್ಲರ್ ಅಂಟಿಸಿ ತಿರುಗಿಸುವುದೂ ಅಪಾಯ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ದುರಸ್ತಿ ಮಾಡುತ್ತಲೇ ಬರುತ್ತದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಈ ಅಭ್ಯಾಸದ ಕೊರತೆ ದಿನವೂ ಕಾಣುತ್ತದೆ. ಸರ್ವರ್ ನಿಂತರೆ ರೀಸ್ಟಾರ್ಟ್ ಮಾಡಿ ಕೈತೊಳೆದುಕೊಳ್ಳುವವರು ಬಹಳ. ಲಾಗ್ ತೆರೆದು ಕಾರಣ ಹುಡುಕುವವರು ಕಡಿಮೆ. ಹೊಸ ಹುಡುಗರನ್ನು ದೂರಿ ಫಲವಿಲ್ಲ. ಕೆಟ್ಟದ್ದನ್ನು ಬಿಚ್ಚಿ ನೋಡುವ ಅವಕಾಶ ಅವರಿಗೆ ಸಿಕ್ಕಿದ್ದೆಲ್ಲಿ?

‘ಹೊಸದೇ ಅಗ್ಗ, ಸಮಯವೂ ಉಳಿಯುತ್ತದೆ’ ಎನ್ನುವವರ ಮಾತು ದುಡ್ಡಿನ ಲೆಕ್ಕದಲ್ಲಿ ಕೆಲವೊಮ್ಮೆ ಸರಿ. ಆದರೆ ಮಕ್ಕಳ ಕೈಗೆ ವಿಮಾನ ಕೊಡುವುದು ಸಮಯ ಉಳಿಸಲಿಕ್ಕಲ್ಲವಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಮಾಡೆಲ್ ಸ್ಪರ್ಧೆಗಳಲ್ಲಿ ಚೆನ್ನಾಗಿ ಹಾರಿದ್ದಕ್ಕೆ ಬಹುಮಾನವಿರಲಿ. ಬಿದ್ದ ಕಾರಣ ಬರೆದು, ಜೋಡಿಸಿ, ಮತ್ತೆ ಹಾರಿಸಿದ ತಂಡಕ್ಕೂ ಅಂಕವಿರಲಿ.